ಪೆಟ್ಟಿಗೆಯೊಳಗಿನ ಸಾಕೆಟ್ಟಿನ ಪರವಾಗಿ

ಅಮೆರಿಕದ ಕನ್ನಡಿಗರ ನಡುವೆ ಮೋಟಾರ್‌ಹೋಮ್ ಕೊಳ್ಳುವ ಮಾತು ಬಂದರೆ ಸಲಹೆಗಳಿಗೆ ಬರವಿಲ್ಲ. ಯಾವ ಟೈರು, ಎಷ್ಟು ದೊಡ್ಡ ನೀರಿನ ಟ್ಯಾಂಕು, ಸೋಲಾರ್ ಬೇಕೋ ಬೇಡವೋ, ಎಲ್ಲದರಲ್ಲೂ ತಲೆಗೊಂದು ಅಭಿಪ್ರಾಯ. ಒಂದು ವಿಷಯದಲ್ಲಿ ಮಾತ್ರ ಎಲ್ಲರದ್ದೂ ಒಂದೇ ರಾಗ: "ಆಟೊಮ್ಯಾಟಿಕ್ ಟ್ರಾನ್ಸ್‌ಫರ್ ಸ್ವಿಚ್ ಇದೆಯಾ ನೋಡ್ಕೊಳ್ಳಿ. ಇಲ್ಲ ಅಂದ್ರೆ ಮೊದಲು ಅದನ್ನು ಹಾಕಿಸಿ." ಕ್ಯಾಂಪ್‌ಗ್ರೌಂಡಿನ ಕಂಬದಿಂದ ಬರುವ ಕರೆಂಟು, ಗಾಡಿಯ ಜನರೇಟರಿನ ಕರೆಂಟು, ಬ್ಯಾಟರಿಯಿಂದ ಇನ್ವರ್ಟರ್ ಮಾಡಿಕೊಡುವ ಕರೆಂಟು, ಇವುಗಳಲ್ಲಿ ಯಾವುದು ಬಂದಿದೆ ಎಂದು ತಾನೇ ಗುರುತಿಸಿ ಒಳಗಿನ ವೈರಿಂಗಿಗೆ ಜೋಡಿಸುವ ಪೆಟ್ಟಿಗೆ ಅದು. ಮನುಷ್ಯ ಮರೆಯುತ್ತಾನೆ, ಯಂತ್ರ ಮರೆಯುವುದಿಲ್ಲ ಎಂಬುದು ಈ ಸಲಹೆಯ ಹಿಂದಿರುವ ನಂಬಿಕೆ.

ಹೀಗೆ ಹೇಳುವವರು ತಿಳಿಯದೆ ಹೇಳುವುದಿಲ್ಲ. ಸುರಿವ ಮಳೆಯಲ್ಲಿ ಕೇಬಲ್ ಎಳೆದಾಡಿದ ಅನುಭವ ಅವರ ಬೆನ್ನಿಗಿದೆ. ಅವರ ಮಾತನ್ನು ತಳ್ಳಿಹಾಕುವುದು ನನ್ನ ಉದ್ದೇಶವೂ ಅಲ್ಲ. ನನ್ನ ತಕರಾರು ಇಷ್ಟೆ: ಆ ಪೆಟ್ಟಿಗೆ ಎರಡು ಬೇರೆ ಬೇರೆ ಕೆಲಸ ಮಾಡುತ್ತದೆ, ನಾವು ಎರಡನ್ನೂ ಒಂದೇ ಎಂದು ತಿಳಿದಿದ್ದೇವೆ. ಎರಡು ಕಡೆಯ ಕರೆಂಟು ಎಂದೂ ಒಂದಕ್ಕೊಂದು ತಾಗದಂತೆ ನೋಡಿಕೊಳ್ಳುವುದು ಒಂದು ಕೆಲಸ. ನಮ್ಮ ಕೈ ಸೋಕದೆ ಒಂದರಿಂದ ಇನ್ನೊಂದಕ್ಕೆ ಹೊರಳುವುದು ಇನ್ನೊಂದು. ಮೊದಲನೆಯದರಲ್ಲಿ ರಾಜಿ ಇಲ್ಲ. ಎರಡನೆಯದು ಬರೀ ಅನುಕೂಲ, ಮತ್ತು ಬಹಳಷ್ಟು ಗಾಡಿಗಳಲ್ಲಿ ಅದು ಕೊಡುವುದಕ್ಕಿಂತ ಕಿತ್ತುಕೊಳ್ಳುವುದೇ ಹೆಚ್ಚು ಎಂದು ನನಗನಿಸುತ್ತದೆ.

ರಾಜಿ ಏಕಿಲ್ಲ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಕ್ಯಾಂಪ್‌ಗ್ರೌಂಡಿನದೂ 120 ವೋಲ್ಟು, ಜನರೇಟರಿನದೂ 120 ವೋಲ್ಟು. ಎರಡೂ ಸೆಕೆಂಡಿಗೆ 60 ಆವರ್ತ ಏರಿಳಿಯುತ್ತವೆ. ಆದರೆ ಒಂದು ಏರುವ ಹೊತ್ತಿಗೇ ಇನ್ನೊಂದೂ ಏರುತ್ತಿರುತ್ತದೆ ಎಂಬ ಖಾತ್ರಿ ಏನಿಲ್ಲ. ಒಂದು ತುದಿಯಲ್ಲಿದ್ದಾಗ ಇನ್ನೊಂದು ತಳದಲ್ಲಿದ್ದರೆ ಅವುಗಳ ನಡುವಿನ ಅಂತರ 240 ವೋಲ್ಟು. ಆ ಗಳಿಗೆಯಲ್ಲಿ ಎರಡನ್ನೂ ಒಂದೇ ತಂತಿಗೆ ಕಟ್ಟಿದರೆ ಸೋಲುವುದು ಚಿಕ್ಕದೇ. ಬ್ರೇಕರ್ ಬಿದ್ದರೆ ಪುಣ್ಯ, ಇಲ್ಲವಾದರೆ ಜನರೇಟರಿನ ವೈಂಡಿಂಗೋ ಇನ್ವರ್ಟರಿನ ಬೋರ್ಡೋ ಸುಟ್ಟಿತು. ಇನ್ನು ಕಂಬದಲ್ಲಿ ಕರೆಂಟು ಹೋಗಿದ್ದಾಗ ನಮ್ಮ ಜನರೇಟರ್ ಹಿಮ್ಮುಖವಾಗಿ ಲೈನಿಗೆ ಕರೆಂಟು ತಳ್ಳಿದರೆ ಅಪಾಯ ನಮ್ಮ ಗಾಡಿಯ ಆಚೆಗೆ ಹೋಗುತ್ತದೆ. ಬೀದಿಯ ಟ್ರಾನ್ಸ್‌ಫಾರ್ಮರ್ ಅದನ್ನೇ ಸಾವಿರಾರು ವೋಲ್ಟಿಗೆ ಏರಿಸುತ್ತದೆ. ಲೈನ್ ಆಫ್ ಆಗಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್ನಿಗೆ ಅದು ಯಾರ ಗಾಡಿಯಿಂದ ಬಂತು ಎಂದು ತಿಳಿಯುವ ದಾರಿಯೂ ಇಲ್ಲ. ಹಳ್ಳಿ ಮನೆಗಳಲ್ಲಿ ಜನರೇಟರ್ ಇಟ್ಟುಕೊಂಡವರಿಗೆ ಈ ಎಚ್ಚರಿಕೆ ಹೊಸದಲ್ಲ.

ಹಾಗಾದರೆ ಎರಡು ಮೂಲಗಳು ತಾಗದಂತೆ ತಡೆಯುವ ಅತ್ಯಂತ ಗಟ್ಟಿ ಸಾಧನ ಯಾವುದು? ನನ್ನ ಪ್ರಕಾರ ಬಾಡಿಗೆಗೆ ಸಿಗುವ ಸಣ್ಣ ಮೋಟಾರ್‌ಹೋಮುಗಳಲ್ಲಿ, ಅದರಲ್ಲೂ ಸ್ವಲ್ಪ ಹಳೆಯವುಗಳಲ್ಲಿ, ಸದ್ದಿಲ್ಲದೆ ಕುಳಿತಿರುವ ಒಂದು ಸಾಕೆಟ್ಟು. ಡ್ರೈವರ್ ಸೀಟಿನ ಮೇಲೆ ಹಾಸಿಗೆ ಚಾಚಿಕೊಂಡಿರುತ್ತದಲ್ಲ, ಆ ಸಿ ಕ್ಲಾಸ್ ಗಾಡಿಗಳ ಮಾತು. ಪಕ್ಕದ ಒಂದು ಪುಟ್ಟ ಬಾಗಿಲು ತೆರೆದರೆ ಹೆಬ್ಬೆರಳು ಗಾತ್ರದ ಕರಿ ಕೇಬಲ್ ಸುರುಳಿ ಸುತ್ತಿಕೊಂಡು ಬಿದ್ದಿರುತ್ತದೆ. ಅದರ ತುದಿಯಲ್ಲಿ 30 ಆಂಪಿಯರಿನ ಪ್ಲಗ್ಗು: ಓರೆಯಾಗಿ ನಿಂತ ಎರಡು ಚಪ್ಪಟೆ ಪಿನ್ನು, ಅರ್ತಿಂಗಿಗೆ ಒಂದು ದುಂಡು ಪಿನ್ನು. ಕ್ಯಾಂಪ್‌ಗ್ರೌಂಡಿಗೆ ಹೋದರೆ ಕೇಬಲ್ಲನ್ನು ಹೊರಗೆಳೆದು ಅಲ್ಲಿನ ಕಂಬದ ಪೆಟ್ಟಿಗೆಗೆ ಚುಚ್ಚುತ್ತೀರಿ. ಜನರೇಟರಿನಿಂದ ಕರೆಂಟು ಬೇಕಾದರೆ ಅದೇ ಪ್ಲಗ್ಗನ್ನು ಅದೇ ಗೂಡಿನ ಗೋಡೆಗೆ ಕೂರಿಸಿರುವ ಸಾಕೆಟ್ಟಿಗೆ ಚುಚ್ಚುತ್ತೀರಿ. ಜನರೇಟರಿನ ಕರೆಂಟು ಬಂದು ಕೊನೆಗೊಳ್ಳುವುದು ಅಲ್ಲೇ. ಇಷ್ಟೇ ಸಂಗತಿ. ಒಂದು ಪ್ಲಗ್ಗು ಒಂದೇ ಹೊತ್ತಿಗೆ ಎರಡು ಸಾಕೆಟ್ಟಿನಲ್ಲಿ ಇರಲಾರದು. ಕಾಯಿಲ್ ಇಲ್ಲ, ರಿಲೇ ಇಲ್ಲ, ಬೋರ್ಡ್ ಇಲ್ಲ, ಕೆಡುವುದಕ್ಕೆ ಏನೂ ಇಲ್ಲ.

ಬಾಡಿಗೆ ಕಂಪನಿಗಳಿಗೆ ಈ ಸಾಕೆಟ್ಟಿನ ಬಗ್ಗೆ ಒಂದೇ ದೂರು ಬರುವುದು. "ಜನರೇಟರ್ ಓಡ್ತಾ ಇದೆ, ಎಸಿ ಮಾತ್ರ ಬರ್ತಾ ಇಲ್ಲ." ಪ್ಲಗ್ಗು ಚುಚ್ಚಿಲ್ಲ, ಅಷ್ಟೆ. ಈ ಒಂದು ಫೋನ್ ಕರೆ ತಪ್ಪಿಸಲೆಂದೇ ಎಷ್ಟೋ ಗಾಡಿಗಳಿಗೆ ಆಟೊಮ್ಯಾಟಿಕ್ ಪೆಟ್ಟಿಗೆ ಬಂದಿರಬೇಕು ಎಂಬುದು ನನ್ನ ಗುಮಾನಿ.

ಬೇ ಏರಿಯಾದಿಂದ ಯೊಸೆಮಿಟಿಗೆ ಹೊರಡುವ ಕನ್ನಡ ಕುಟುಂಬವೊಂದನ್ನು ನೆನೆದುಕೊಳ್ಳಿ. ಯೊಸೆಮಿಟಿಯ ಕ್ಯಾಂಪ್‌ಗ್ರೌಂಡುಗಳಲ್ಲಿ ಹುಕ್‌ಅಪ್ ಇಲ್ಲ, ಅಂದರೆ ಕಂಬದ ಕರೆಂಟು ಸಿಗುವುದಿಲ್ಲ. ಜನರೇಟರ್ ಓಡಿಸಲು ಗೊತ್ತುಪಡಿಸಿದ ಹೊತ್ತಿದೆ: ಬೆಳಿಗ್ಗೆ 7ರಿಂದ 9, ಮಧ್ಯಾಹ್ನ 12ರಿಂದ 2, ಸಂಜೆ 5ರಿಂದ 7. ಆಚೆ ಯೆಲ್ಲೊಸ್ಟೋನಿಗೆ ಹೋದರೆ ಅಷ್ಟು ದೊಡ್ಡ ಉದ್ಯಾನದಲ್ಲಿ ಹುಕ್‌ಅಪ್ ಇರುವುದು ಫಿಶಿಂಗ್ ಬ್ರಿಜ್ ಎಂಬ ಒಂದೇ ಆರ್‌ವಿ ಪಾರ್ಕಿನಲ್ಲಿ. ಇಂಥ ಪ್ರವಾಸದಲ್ಲಿ ಕರೆಂಟಿನ ಮೂಲ ಬದಲಾಗುವುದು ದಿನಕ್ಕೆ ಎಷ್ಟು ಸಲ? ಬದಲಾಗುವಾಗ ಯಾರಾದರೂ ಒಬ್ಬರು ಗಾಡಿಯ ಪಕ್ಕದಲ್ಲೇ ಇರುತ್ತಾರೆ. ಬೆಳಗಿನ ಇಡ್ಲಿಗೋ ಕಾಫಿಗೋ ಮೈಕ್ರೊವೇವ್ ಬೇಕು, ಏಳು ಹೊಡೆಯುವುದನ್ನೇ ಕಾದು ಜನರೇಟರ್ ಚಾಲೂ ಮಾಡುತ್ತಾರೆ. ಹೇಗಿದ್ದರೂ ಗುಂಡಿ ಒತ್ತಬೇಕು. ಗುಂಡಿ ಒತ್ತಿದವರಿಗೆ ಪ್ಲಗ್ಗು ಚುಚ್ಚುವುದು ಅಂಥ ಹೊರೆಯೇ?

ಆಟೊಮ್ಯಾಟಿಕ್ ಪೆಟ್ಟಿಗೆಯ ಬಗ್ಗೆ ಹೆಚ್ಚಿನವರು ಗಮನಿಸದ ಸಂಗತಿ ಇಲ್ಲೇ ಇದೆ. ಅಮೆರಿಕದ ಮೋಟಾರ್‌ಹೋಮುಗಳಲ್ಲಿ ಸಾಮಾನ್ಯವಾಗಿ ಇಂಥ ಸ್ವಿಚ್ಚು ಕಂಬದ ಕರೆಂಟಿಗಿಂತ ಜನರೇಟರಿಗೆ ಮೊದಲ ಮಣೆ ಹಾಕುತ್ತದೆ. ಎರಡೂ ಇದ್ದರೆ ಜನರೇಟರಿನದನ್ನೇ ಆರಿಸುತ್ತದೆ. ಮೊದಲ ಸಲ ಕೇಳಿದವರಿಗೆ ಇದು ತಲೆಕೆಳಗು ಅನ್ನಿಸುತ್ತದೆ, ಪೆಟ್ರೋಲು ಸುಡುವುದನ್ನು ಬಿಟ್ಟಿ ಕರೆಂಟಿಗಿಂತ ಮೇಲೆ ಕೂರಿಸುವುದೇ ಎಂದು. ಹಿಂದಿನ ತರ್ಕ ಮಾತ್ರ ಸರಿಯಾಗಿದೆ: ಜನರೇಟರ್ ಸುಮ್ಮನೆ ಓಡುವುದಿಲ್ಲ, ಯಾರೋ ಬೇಕೆಂದೇ ಓಡಿಸಿದ್ದಾರೆ, ಅಂದಮೇಲೆ ಕಂಬದ ಕರೆಂಟು ಅವರಿಗೆ ಒಗ್ಗಿಲ್ಲ. ಅಂದರೆ ತೀರ್ಮಾನ ತೆಗೆದುಕೊಂಡಿದ್ದು ಮನುಷ್ಯನೇ. ಪೆಟ್ಟಿಗೆ ಮಾಡಿದ್ದು ಆ ತೀರ್ಮಾನದ ಕೊನೆಯ ಕೂಲಿ ಕೆಲಸ, ಪ್ಲಗ್ಗು ಕಿತ್ತು ಪ್ಲಗ್ಗು ಹಾಕುವಷ್ಟು. ಆ ಒಂದು ಕೆಲಸಕ್ಕೆ ಗಾಡಿಯೊಳಗೆ ಏನೇನು ಬಂದು ಕೂತಿದೆ ನೋಡೋಣ.

ಪೆಟ್ಟಿಗೆಯ ಮುಚ್ಚಳ ಬಿಚ್ಚಿದರೆ ಒಳಗೆ ಎರಡು ಕಾಂಟ್ಯಾಕ್ಟರುಗಳು ಅಕ್ಕಪಕ್ಕ ಇರುತ್ತವೆ. ಒಂದಕ್ಕೆ ಕಂಬದ ಕೇಬಲ್, ಇನ್ನೊಂದಕ್ಕೆ ಜನರೇಟರಿನದು. ಕೆಲವು ಮಾದರಿಗಳಲ್ಲಿ ಎರಡರ ಬದಲು ಅತ್ತಿಂದಿತ್ತ ಹೊರಳುವ ಒಂದೇ ದೊಡ್ಡ ರಿಲೇ. ಕಾಯಿಲಿಗೆ ಕರೆಂಟು ಬಂದರೆ ಅದು ಅಯಸ್ಕಾಂತವಾಗಿ ಒಳಗಿನ ಸಂಪರ್ಕಗಳನ್ನು ಎಳೆದು ಕೂಡಿಸುತ್ತದೆ. ಜತೆಗೊಂದು ಸಣ್ಣ ಬೋರ್ಡು. ಜನರೇಟರ್ ಚಾಲೂ ಆದ ತಕ್ಷಣ ಅದಕ್ಕೆ ಹೊರೆ ಹೊರಿಸದೆ ಸುಮಾರು 20ರಿಂದ 30 ಸೆಕೆಂಡು ಕಾಯಿಸುವುದು ಅದರ ಕೆಲಸ. ಎಂಜಿನ್ ತನ್ನ ವೇಗಕ್ಕೆ ಬರಬೇಕು. ಎರಡು ಪೋಲಿನ ಆಲ್ಟರ್ನೇಟರಿಗೆ ನಿಮಿಷಕ್ಕೆ 3,600 ಸುತ್ತು, ನಾಲ್ಕು ಪೋಲಿನದಕ್ಕೆ 1,800, ಆಗ 60 ಹರ್ಟ್ಸ್ ಸಿಗುತ್ತದೆ. ಅದಕ್ಕೆ ಮುಂಚೆಯೇ ಎಸಿಯ ಕಂಪ್ರೆಸರ್ ಹೇರಿದರೆ ಎಂಜಿನ್ ಮುಗ್ಗರಿಸುತ್ತದೆ. ಇಲ್ಲಿಯವರೆಗೆ ಎಲ್ಲವೂ ಅಚ್ಚುಕಟ್ಟು.

ಆದರೆ ಈ ಪೆಟ್ಟಿಗೆ ಇರುವುದು ಗೋಡೆಯ ಮೇಲಲ್ಲ, ಹೆದ್ದಾರಿಯಲ್ಲಿ ಅದುರುತ್ತ ಓಡುವ ಗಾಡಿಯಲ್ಲಿ, ಎಷ್ಟೋ ಸಲ ಹಾಸಿಗೆಯ ಕೆಳಗೆ, ಯಾರೂ ಬಗ್ಗಿ ನೋಡದ ಮೂಲೆಯಲ್ಲಿ. ಕೇಬಲ್ಲಿನ ದಪ್ಪ ಎಳೆಗಳನ್ನು ಕಚ್ಚಿ ಹಿಡಿದ ಸ್ಕ್ರೂಗಳು ಅದುರಿ ಅದುರಿ ಸಡಿಲಾಗುತ್ತವೆ. ಸಡಿಲಾದಲ್ಲಿ ಬಿಸಿ, ಬಿಸಿಯಾದಲ್ಲಿ ಇನ್ನಷ್ಟು ಸಡಿಲ. ಹಳೆಯ ಪೆಟ್ಟಿಗೆ ತೆಗೆದರೆ ಒಂದು ಟರ್ಮಿನಲ್ಲಿನ ಸುತ್ತ ಪ್ಲಾಸ್ಟಿಕ್ ಕಾಫಿ ಬಣ್ಣಕ್ಕೆ ತಿರುಗಿ, ವೈರಿನ ಬಿಳಿ ಹೊದಿಕೆ ಗರಿಗರಿಯಾಗಿ ಮುಟ್ಟಿದರೆ ಉದುರುವಂತಿರುವುದು ಅಪರೂಪದ ದೃಶ್ಯವಲ್ಲ. ಸುಟ್ಟ ವಾಸನೆ ಮೂಗಿಗೆ ಬಂದ ಮೇಲೆ ಜನ ಹುಡುಕುವುದು ಫ್ರಿಜ್ಜನ್ನು, ಮೈಕ್ರೊವೇವನ್ನು. ಹಾಸಿಗೆ ಎತ್ತಿ ನೋಡುವುದು ಕೊನೆಗೆ. ಸಾಕೆಟ್ಟೂ ಬಿಸಿಯಾಗುತ್ತದೆ, ನಿಜ. ಆದರೆ ಅದನ್ನು ನೀವು ದಿನಾ ಕೈಯಲ್ಲಿ ಹಿಡಿಯುತ್ತೀರಿ. ಬಿಸಿ ಕೈಗೇ ಗೊತ್ತಾಗುತ್ತದೆ, ಪಿನ್ನು ಕಪ್ಪಾಗಿದ್ದರೆ ಕಣ್ಣಿಗೇ ಕಾಣುತ್ತದೆ.

ಇನ್ನೊಂದು ತೊಂದರೆ ವೋಲ್ಟೇಜಿನದು. ಜುಲೈ ತಿಂಗಳ ಮಧ್ಯಾಹ್ನ, ಕ್ಯಾಂಪ್‌ಗ್ರೌಂಡು ತುಂಬಿದೆ, ಎಲ್ಲರ ಎಸಿಯೂ ಓಡುತ್ತಿದೆ. 120 ಇರಬೇಕಾದದ್ದು 105ರ ಆಸುಪಾಸಿಗೆ ಇಳಿದಿರುತ್ತದೆ. ಕಾಯಿಲಿಗೆ ಹಿಡಿದಿಟ್ಟುಕೊಳ್ಳಲು ಬೇಕಾದ ಬಲವೇ ಸಾಲದೆ ಬಂದಾಗ ಸಂಪರ್ಕಗಳು ಕೂಡುತ್ತ ಬಿಡುತ್ತ ಕಟಕಟ ಎನ್ನತೊಡಗುತ್ತವೆ. ಪ್ರತಿ ಕಟಕಟಕ್ಕೂ ಒಂದು ಕಿಡಿ, ಪ್ರತಿ ಕಿಡಿಗೂ ಸಂಪರ್ಕದ ಮೈಮೇಲೆ ಒಂದು ಗುಳಿ. ಅಂದರೆ ಕಂಬದ ಕರೆಂಟು ಕೈಕೊಟ್ಟ ದಿನವೇ ಪೆಟ್ಟಿಗೆಯೂ ಸವೆಯುತ್ತದೆ. ನಮಗೆ ಅದರ ನೆರವು ಬೇಕಾದದ್ದೂ ಅದೇ ದಿನ.

ಅದಕ್ಕಿಂತ ನನ್ನನ್ನು ಕಾಡುವುದು ಬೇರೆ. ಇಂಥ ಸಾಮಾನ್ಯ ಸ್ವಿಚ್ಚಿಗೆ ಕರೆಂಟು ಬಂದಿದೆಯೋ ಇಲ್ಲವೋ ಎಂಬುದು ಗೊತ್ತು, ಎಂಥ ಕರೆಂಟು ಎಂಬುದು ಗೊತ್ತಿಲ್ಲ. ಅಮೆರಿಕದಲ್ಲಿ ಪದೇ ಪದೇ ಕೇಳಿಬರುವ ಅವಘಡ ಒಂದಿದೆ. ಗಾಡಿ ಕೊಂಡವರು ಮನೆಯ ಅಂಗಳದಲ್ಲಿ 30 ಆಂಪಿಯರಿನ ಪಾಯಿಂಟ್ ಹಾಕಿಕೊಡಿ ಎಂದು ಎಲೆಕ್ಟ್ರಿಷಿಯನ್ನಿಗೆ ಹೇಳುತ್ತಾರೆ. ಆತ ಬಟ್ಟೆ ಒಣಗಿಸುವ ಯಂತ್ರಕ್ಕೆ ಕೊಡುವ ಅಭ್ಯಾಸದಲ್ಲಿ 240 ವೋಲ್ಟು ಎಳೆದುಬಿಡುತ್ತಾನೆ. ಆರ್‌ವಿಯ 30 ಆಂಪಿಯರ್ ಪ್ಲಗ್ಗಿಗೆ ಬೇಕಾದದ್ದು 120. ಚುಚ್ಚಿದ ಕ್ಷಣ ಮೈಕ್ರೊವೇವು, ಟಿವಿ, ಬ್ಯಾಟರಿ ಚಾರ್ಜರು ಒಟ್ಟಿಗೇ ಹೋದವು. ದೊಡ್ಡ ಗಾಡಿಗಳ 50 ಆಂಪಿಯರ್ ಪ್ಲಗ್ಗಿನ ಕತೆ ಇನ್ನೂ ಸೂಕ್ಷ್ಮ. ಅಲ್ಲಿ 120 ವೋಲ್ಟಿನ ಎರಡು ಲೈನು, ನಡುವೆ ಒಂದು ನ್ಯೂಟ್ರಲ್. ಕಂಬದಲ್ಲಿ ಆ ನ್ಯೂಟ್ರಲ್ ಸಡಿಲಾದರೆ ಒಂದು ಬದಿಯ ಉಪಕರಣಗಳಿಗೆ ವೋಲ್ಟೇಜ್ ಕಡಿಮೆ, ಇನ್ನೊಂದು ಬದಿಗೆ ವಿಪರೀತ. ಬಂದದ್ದನ್ನು ಬಂದಂತೆ ಒಳಕ್ಕೆ ಬಿಡುವ ಸ್ವಿಚ್ಚು ಇದನ್ನು ತಡೆಯುವುದಿಲ್ಲ. ತಡೆಯುವುದು ಬೇರೆ ಉಪಕರಣ. ಅದನ್ನು ಇಎಂಎಸ್ ಎನ್ನುತ್ತಾರೆ, ಸಾಮಾನ್ಯವಾಗಿ 104 ವೋಲ್ಟಿಗಿಂತ ಕೆಳಗೋ 132ಕ್ಕಿಂತ ಮೇಲೋ ಹೋದರೆ ಸಂಪರ್ಕ ಕಡಿಯುವಂಥದ್ದು. ಕೈಯಲ್ಲಿರುವ ದುಡ್ಡು ಎರಡರಲ್ಲಿ ಒಂದಕ್ಕೆ ಮಾತ್ರ ಸಾಲುವುದಾದರೆ ನಾನು ಇದಕ್ಕೇ ಹಾಕುವವನು. ತಾನೇ ಬದಲಾಗುವ ಪೆಟ್ಟಿಗೆ ಆಮೇಲೆ.

ಕರ್ನಾಟಕದ ಅಂಗಡಿ, ಗಿರಣಿ, ಮದುವೆ ಛತ್ರಗಳಲ್ಲಿ ಮೀಟರ್ ಬೋರ್ಡಿನ ಪಕ್ಕದ ಚೇಂಜ್ ಓವರ್ ಸ್ವಿಚ್ಚನ್ನು ನೋಡಿರುತ್ತೀರಿ. ಕಬ್ಬಿಣದ ಪೆಟ್ಟಿಗೆ, ಪಕ್ಕದಲ್ಲೊಂದು ಹಿಡಿ. ಮೇಲೆತ್ತಿದರೆ ಕೆಇಬಿ (ಕೆಇಬಿ ಹೋಗಿ ಕೆಪಿಟಿಸಿಎಲ್ ಬಂದದ್ದು 1999ರಲ್ಲಿ, ವೈರ್‌ಮನ್ ಬಾಯಲ್ಲಿ ಇನ್ನೂ ಕೆಇಬಿಯೇ), ಕೆಳಗಿಳಿಸಿದರೆ ಜನರೇಟರ್, ನಡುವೆ ನಿಲ್ಲಿಸಿದರೆ ಎರಡೂ ಇಲ್ಲ. ಆ ನಡುವಿನ ಸ್ಥಾನವೇ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಾಣುವುದು. ಸಿಡಿಲು ಮಳೆ ಬರುತ್ತಿದೆ, ವೋಲ್ಟೇಜು ಕುಣಿಯುತ್ತಿದೆ, ಹೊಸ ಜಾಗದ ಕಂಬ ನಂಬಿಕೆ ಹುಟ್ಟಿಸುತ್ತಿಲ್ಲ. ಇಂಥ ಹೊತ್ತಿನಲ್ಲಿ ಯಾವ ಮೂಲ ಬೇಕು ಎಂದು ಕೇಳಿದರೆ ಸರಿಯಾದ ಉತ್ತರ "ಸದ್ಯಕ್ಕೆ ಯಾವುದೂ ಬೇಡ". ಆಟೊಮ್ಯಾಟಿಕ್ ಪೆಟ್ಟಿಗೆಗೆ ಈ ಉತ್ತರ ಕೊಡಲು ಬರುವುದಿಲ್ಲ. ಇದ್ದುದನ್ನು ಹಿಡಿದು ಒಳಗೆ ಕಳಿಸುವುದೇ ಅದರ ಧರ್ಮ. ಮೋಟಾರ್‌ಹೋಮಿಗೂ ಇಂಥ ಮೂರು ಸ್ಥಾನದ, ತಿರುಗಿಸುವ ಗುಬಟೆಯ ಸ್ವಿಚ್ಚುಗಳು ಸಿಗುತ್ತವೆ: 1, 0, 2 ಎಂದು ಬರೆದಿರುತ್ತದೆ. 1ರಿಂದ 2ಕ್ಕೆ ಹೋಗಬೇಕಾದರೆ ಸೊನ್ನೆಯನ್ನು ದಾಟಿಯೇ ಹೋಗಬೇಕು. ದಾಟುವಾಗ ಅಲ್ಲೇ ನಿಂತು ಒಂದು ಗಳಿಗೆ ಯೋಚಿಸಲೂಬಹುದು.

ಇನ್ವರ್ಟರ್ ಸೇರಿಕೊಂಡರೆ ಯೋಚಿಸುವುದು ಇನ್ನಷ್ಟು ಮುಖ್ಯ. ಕಂಬದ ಕರೆಂಟು ಹೋದಾಗ ಸುಮಾರು 20 ಮಿಲಿಸೆಕೆಂಡಿನಲ್ಲಿ ಬ್ಯಾಟರಿಗೆ ಹೊರಳುವ ಇನ್ವರ್ಟರ್‌ಗಳಿವೆ. ಟಿವಿ ಕೂಡ ಕಣ್ಣು ಮಿಟುಕಿಸುವುದಿಲ್ಲ. ಅದನ್ನೇ ದೊಡ್ಡ ಗುಣ ಎಂದು ಮಾರುತ್ತಾರೆ. ಆದರೆ ಕರೆಂಟು ಹೋದದ್ದು ಯಾರಿಗೂ ತಿಳಿಯಲಿಲ್ಲ ಎಂದರೆ ಎಸಿಯನ್ನು ಯಾರೂ ಆರಿಸಲೂ ಇಲ್ಲ ಎಂದಾಯಿತು. 12 ವೋಲ್ಟಿನ ಬ್ಯಾಟರಿಯಿಂದ 2,000 ವಾಟ್ ಎಳೆಯಬೇಕಾದರೆ ನಷ್ಟ ಬಿಟ್ಟೇ 167 ಆಂಪಿಯರ್ ಹರಿಯಬೇಕು. 100 ಆಂಪಿಯರ್ ಅವರ್‌ನ ಒಂದು ಲಿಥಿಯಂ ಬ್ಯಾಟರಿಯಲ್ಲಿರುವುದು ಸುಮಾರು 1,280 ವಾಟ್ ಅವರ್. ಚಾವಣಿಯ ಎಸಿ ಅದನ್ನು ಒಂದು ತಾಸಿನೊಳಗೆ ಕುಡಿದು ಮುಗಿಸುತ್ತದೆ. ಲೆಡ್ ಆಸಿಡ್ ಬ್ಯಾಟರಿಯಾದರೆ ಅರ್ಧಕ್ಕಿಂತ ಕೆಳಗೆ ಇಳಿದಷ್ಟೂ ಅದರ ಆಯಸ್ಸು ಕಡಿಮೆ. ಗಾಡಿಯ ಇಡೀ ವೈರಿಂಗಿಗೆ ಇನ್ವರ್ಟರ್ ಜೋಡಿಸಿ, ಬ್ಯಾಟರಿ ಚಾರ್ಜರಿನ ಬ್ರೇಕರನ್ನೂ ಹಾಗೇ ಬಿಟ್ಟವರ ಪಾಡು ಇನ್ನೂ ತಮಾಷೆಯದು. ಬ್ಯಾಟರಿಯಿಂದ ಇನ್ವರ್ಟರ್, ಇನ್ವರ್ಟರಿನಿಂದ ಚಾರ್ಜರ್, ಚಾರ್ಜರಿನಿಂದ ಅದೇ ಬ್ಯಾಟರಿ. ಪ್ರತಿ ಸುತ್ತಿಗೂ ಒಂದಿಷ್ಟು ಶಕ್ತಿ ಬಿಸಿಯಾಗಿ ಸೋರಿ, ಬೆಳಗಾಗುವಷ್ಟರಲ್ಲಿ ಬ್ಯಾಟರಿ ಖಾಲಿ. ದೀಪ ಒಮ್ಮೆ ಆರಿ, ಒಬ್ಬರು ಎದ್ದು ಏನಾಯಿತು ಎಂದು ನೋಡಿದ್ದರೆ ಇವೆಲ್ಲ ಆಗುತ್ತಿರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಪಕ್ಷದಲ್ಲಿರುವವರಿಗೂ ಒಂದು ಮಾತು ಹೇಳಬೇಕು. ಕೈಯಿಂದ ಬದಲಿಸುವ ಸ್ವಿಚ್ಚು ಸಾಕು ಎಂದವರು ಹಾರ್ಡ್‌ವೇರ್ ಅಂಗಡಿಗೆ ಹೋಗಿ ಸಿಕ್ಕ ಸ್ವಿಚ್ಚು ತಂದು ಫೇಸ್ ಒಂದನ್ನೇ ಬದಲಿಸುವಂತೆ ಕಟ್ಟಿಬಿಡುವುದುಂಟು. ಅದು ತಪ್ಪು, ಅಪಾಯದ ತಪ್ಪು. ಗಾಡಿಯೊಳಗಿನ ಪ್ಯಾನೆಲ್ಲಿನಲ್ಲಿ ನ್ಯೂಟ್ರಲ್ಲೂ ಅರ್ತಿಂಗೂ ಬೇರೆ ಬೇರೆಯಾಗಿಯೇ ಇರಬೇಕು. ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆ ಆರ್‌ವಿಗಳಿಗೆಂದೇ 551ನೆಯ ವಿಧಿಯನ್ನು ಮೀಸಲಿಟ್ಟಿದೆ, ಈ ನಿಯಮ ಅಲ್ಲಿದೆ. ಅವೆರಡೂ ಕೂಡುವುದು ಮೂಲದ ಕಡೆ, ಒಂದೇ ಒಂದು ಜಾಗದಲ್ಲಿ. ಕಂಬದ ಕರೆಂಟಾದರೆ ಕ್ಯಾಂಪ್‌ಗ್ರೌಂಡಿನ ಮುಖ್ಯ ಪ್ಯಾನೆಲ್ಲಿನಲ್ಲಿ, ಗಾಡಿಗೇ ಕೂರಿಸಿದ ಜನರೇಟರಾದರೆ ಜನರೇಟರಿನಲ್ಲಿ. ದೊಡ್ಡ ಇನ್ವರ್ಟರಾದರೆ ಅದರೊಳಗಿನ ಪುಟ್ಟ ರಿಲೇ ಬ್ಯಾಟರಿಯಿಂದ ಓಡುವಾಗ ಮಾತ್ರ ಅವನ್ನು ಕೂಡಿಸಿ, ಹೊರಗಿನ ಕರೆಂಟು ಬಂದ ಕೂಡಲೇ ಬಿಡಿಸುತ್ತದೆ. ಫೇಸನ್ನು ಮಾತ್ರ ಬದಲಿಸಿ ನ್ಯೂಟ್ರಲ್ಲುಗಳನ್ನು ಒಟ್ಟಿಗೇ ಬಿಟ್ಟರೆ ಎರಡು ಜಾಗದಲ್ಲಿ ಕೂಡಿಕೆಯಾಗಿ, ನ್ಯೂಟ್ರಲ್ಲಿನಲ್ಲಿ ಹರಿಯಬೇಕಾದ ಕರೆಂಟು ಅರ್ತಿಂಗಿನ ತಂತಿಯಲ್ಲೂ, ಗಾಡಿಯ ಲೋಹದ ಮೈಯಲ್ಲೂ ಹರಿಯತೊಡಗುತ್ತದೆ. ಫ್ರೀಮಾಂಟಿನಲ್ಲೋ ಸ್ಯಾನ್ ಹೋಸೆಯಲ್ಲೋ ಗೆಳೆಯರ ಮನೆ ಮುಂದೆ ಗಾಡಿ ನಿಲ್ಲಿಸಿ ಗ್ಯಾರೇಜಿನ ಸಾಕೆಟ್ಟಿಗೆ ಚುಚ್ಚಿದ ತಕ್ಷಣ ಟ್ರಿಪ್ ಆಗುತ್ತದಲ್ಲ, ಅದಕ್ಕೆ ಎಷ್ಟೋ ಸಲ ಇದೇ ಕಾರಣ. ಸಾಕೆಟ್ಟು ಸರಿಯಾಗಿಯೇ ಇರುತ್ತದೆ. ಗಾಡಿ ಸರಿಯಿಲ್ಲ ಎಂದು ಅದು ಹೇಳುತ್ತಿರುತ್ತದೆ. ಪ್ಲಗ್ಗಿನ ಉಪಾಯದಲ್ಲಿ ಈ ತಾಪತ್ರಯವೇ ಇಲ್ಲ, ಕಿತ್ತಾಗ ಫೇಸು, ನ್ಯೂಟ್ರಲ್ಲು, ಅರ್ತಿಂಗು ಮೂರೂ ಒಟ್ಟಿಗೇ ಬಿಟ್ಟುಕೊಳ್ಳುತ್ತವೆ.

ಆಟೊಮ್ಯಾಟಿಕ್ ಬೇಕೇಬೇಕು ಎನ್ನುವ ಸಂದರ್ಭಗಳು ಇಲ್ಲವೇ? ಇವೆ. 50 ಆಂಪಿಯರಿನ ಕೇಬಲ್ ಎತ್ತಾಡಿದವರಿಗೆ ಅದರ ಭಾರ ಗೊತ್ತು, ಎಪ್ಪತ್ತು ದಾಟಿದ ದಂಪತಿಗೆ ಚಳಿಯಲ್ಲಿ ಅದನ್ನು ಬಗ್ಗಿಸಿ ಚುಚ್ಚಿ ಎನ್ನುವುದು ಸೌಜನ್ಯವಲ್ಲ. ಅಂಥ ಗಾಡಿಗೆ ಒಳಗಿನಿಂದಲೇ ತಿರುಗಿಸುವ ಸ್ವಿಚ್ಚಾದರೂ ಬೇಕು, ಆಟೊಮ್ಯಾಟಿಕ್ ಆದರೂ ಸರಿ. ರಾತ್ರಿ ಉಸಿರಾಟಕ್ಕೆ ಯಂತ್ರ ಹಾಕಿಕೊಂಡು ಮಲಗುವವರಿಗೆ ಕರೆಂಟು ತಡೆಯಿಲ್ಲದೆ ಬರಬೇಕು, ಎದ್ದು ಸ್ವಿಚ್ಚು ತಿರುಗಿಸಿ ಎನ್ನಲಾಗದು. ಆದರೂ ಅದಕ್ಕೆ ಇಡೀ ಗಾಡಿಯನ್ನು ಹೊರಳಿಸಬೇಕಾಗಿಲ್ಲ, ಆ ಒಂದು ಯಂತ್ರಕ್ಕೆ ಬ್ಯಾಟರಿಯಿಂದ ನೇರ ಲೈನ್ ಎಳೆದರೆ ಮುಗಿಯಿತು.

ಕಷ್ಟದ ಪ್ರಕರಣ ನಾಯಿಯದು. ಅರಿಝೋನಾದ ಬೇಸಿಗೆಯಲ್ಲಿ ನಾಯಿಯನ್ನು ಎಸಿ ಹಾಕಿದ ಗಾಡಿಯೊಳಗೆ ಬಿಟ್ಟು ಊಟಕ್ಕೆ ಹೋದವರಿದ್ದಾರೆ. ಕಂಬದ ಕರೆಂಟು ಹೋದರೆ ಗಾಡಿ ಬೇಗ ಒಲೆಯಾಗುತ್ತದೆ, ಬಾಗಿಲು ತೆರೆಯುವವರು ಒಳಗಿಲ್ಲ. ಇದಕ್ಕೆಂದೇ ಜನರೇಟರನ್ನು ತಾನೇ ಚಾಲೂ ಮಾಡುವ ಎಜಿಎಸ್ ಬಂದದ್ದು. ಅದಕ್ಕೂ ಆಟೊಮ್ಯಾಟಿಕ್ ಟ್ರಾನ್ಸ್‌ಫರ್ ಸ್ವಿಚ್ಚಿಗೂ ಜೋಡಿ. ಇಲ್ಲಿ ನನ್ನ ವಾದ ಸೋಲುತ್ತದೆ, ಒಪ್ಪುತ್ತೇನೆ. ಆದರೆ ಈ ಜೋಡಿಯನ್ನು ಹಾಕಿಸಿಕೊಂಡವರು ಇನ್ನೊಂದು ಬದಿಯನ್ನೂ ನೋಡಬೇಕು. ಪ್ರವಾಸ ಮುಗಿಸಿ ಗಾಡಿಯನ್ನು ಮುಚ್ಚಿದ ಶೆಡ್ಡಿನಲ್ಲಿ ನಿಲ್ಲಿಸುತ್ತಾರೆ. ಎಜಿಎಸ್ ಆಫ್ ಮಾಡುವುದು ಮರೆತಿದೆ. ವಾರದ ನಂತರ ಬ್ಯಾಟರಿ ಇಳಿಯಿತೆಂದು ಜನರೇಟರ್ ತಾನಾಗಿ ಎದ್ದು ಓಡಲು ಶುರು. ಶೆಡ್ಡು ಕಾರ್ಬನ್ ಮಾನಾಕ್ಸೈಡಿನಿಂದ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಡಿಯನ್ನು ಒಳಗೆ ನಿಲ್ಲಿಸುವ ಮುನ್ನ ಇದನ್ನು ನಿಷ್ಕ್ರಿಯಗೊಳಿಸಿ ಎಂದು ಎಚ್ಚರಿಸುವುದು ಇದಕ್ಕೇ. ಯಂತ್ರ ಮರೆಯುವುದಿಲ್ಲ ಎಂದರಲ್ಲ, ಅದು ಮರೆಯದೆ ಇರುವುದೇ ಇಲ್ಲಿ ತೊಂದರೆ. ಜನರೇಟರಿನ ವಿಷಯದಲ್ಲಿ ಹಳೆಯ ಕಾಲದವರು ಇನ್ನೊಂದು ಜಾಣತನ ಮಾಡಿದ್ದಾರೆ: ಗಾಡಿಯ ಪೆಟ್ರೋಲ್ ಟ್ಯಾಂಕಿನಿಂದಲೇ ಇಂಧನ ಹೀರುವ ಜನರೇಟರಿನ ಕೊಳವೆಯನ್ನು ಮೇಲಕ್ಕೇ ನಿಲ್ಲಿಸಿರುತ್ತಾರೆ. ಟ್ಯಾಂಕು ಕಾಲು ಭಾಗಕ್ಕೆ ಇಳಿಯುವಾಗ ಅದಕ್ಕೆ ಪೆಟ್ರೋಲು ಸಿಗದೆ ತಾನಾಗಿ ನಿಲ್ಲುತ್ತದೆ, ಊರು ಸೇರುವಷ್ಟು ಉಳಿದಿರುತ್ತದೆ. ಬರೀ ಒಂದು ಕೊಳವೆಯ ಉದ್ದ. ನನಗೆ ಇಷ್ಟವಾಗುವ ಯಾಂತ್ರೀಕರಣ ಎಂದರೆ ಇಂಥದ್ದು.

ಈಗ ಬರುತ್ತಿರುವ ಇನ್ವರ್ಟರ್ ಚಾರ್ಜರುಗಳು ಈ ಇಡೀ ಚರ್ಚೆಯನ್ನೇ ಬೇರೆ ಕಡೆಗೆ ಒಯ್ಯುತ್ತಿವೆ ಎಂಬುದನ್ನೂ ಹೇಳಬೇಕು. ವಿಕ್ಟ್ರಾನ್ ಮೊದಲಾದ ಕಂಪನಿಗಳ ಕೆಲವು ಮಾದರಿಗಳು ಕಂಬದ ಕರೆಂಟಿನ ಏರಿಳಿತವನ್ನು ಗಮನಿಸಿ, ತಮ್ಮದನ್ನು ಅದರ ಜತೆ ಹೆಜ್ಜೆಗೆ ಹೆಜ್ಜೆ ಹೊಂದಿಸಿ, ಬ್ಯಾಟರಿಯ ಶಕ್ತಿಯನ್ನು ಅದಕ್ಕೆ ಸೇರಿಸುತ್ತವೆ. ಎರಡು ಮೂಲಗಳು ತಾಗಬಾರದು ಎಂದೆನಲ್ಲ, ಇಲ್ಲಿ ತಾಗುತ್ತವೆ, ಆದರೆ ಲೆಕ್ಕ ಹಾಕಿ ತಾಗುತ್ತವೆ. ಗೆಳೆಯರ ಗ್ಯಾರೇಜಿನ 15 ಆಂಪಿಯರ್ ಸಾಕೆಟ್ಟಿನಿಂದ ಸಿಗುವುದು 1,800 ವಾಟ್. ಎಸಿಯ ಕಂಪ್ರೆಸರ್ ಏಳುವ ಕ್ಷಣದಲ್ಲಿ ಅದಕ್ಕಿಂತ ಹೆಚ್ಚು ಬೇಕು, ಆ ಹೆಚ್ಚುವರಿಯನ್ನು ಬ್ಯಾಟರಿ ಕೊಡುತ್ತದೆ. ನನ್ನನ್ನು ವಿರೋಧಿಸುವವರು ಇದನ್ನು ತಮ್ಮ ಗೆಲುವೆಂದು ತೋರಿಸುತ್ತಾರೆ. ನನಗೆ ಕಾಣುವುದೇ ಬೇರೆ. ಪೆಟ್ಟಿಗೆಗಳು ಇಷ್ಟು ದಿನ ಕೇಳುತ್ತಿದ್ದ ಪ್ರಶ್ನೆಯೇ ಸರಿಯಿರಲಿಲ್ಲ ಎಂದು ಈ ಯಂತ್ರ ಹೇಳುತ್ತಿದೆ. ಗಾಡಿಯೊಳಗೆ ಕೂತವರಿಗೆ ಯಾವ ಮೂಲ ಎಂಬುದಕ್ಕಿಂತ ಎಷ್ಟು ಲೋಡು ಎಂಬುದು ಮುಖ್ಯ. 30 ಆಂಪಿಯರಿಗೆ ಸಿಗುವುದು 3,600 ವಾಟ್. 50 ಆಂಪಿಯರಿಗೆ ಎರಡು ಲೈನೂ ಸೇರಿ 12,000. ಹೆಸರಿನಲ್ಲಿ ಎರಡಕ್ಕೂ ಇರುವ ಅಂತರ ಇಪ್ಪತ್ತು, ಶಕ್ತಿಯಲ್ಲಿ ಮೂರು ಪಟ್ಟಿಗಿಂತ ಹೆಚ್ಚು. 30 ಆಂಪಿಯರಿನ ಗಾಡಿಯಲ್ಲಿ ಎಸಿ ಓಡುತ್ತಿರುವಾಗ 1,440 ವಾಟಿನ ಗೀಸರ್ ಹಾಕಿ, ಮೇಲೆ ಮೈಕ್ರೊವೇವಿನಲ್ಲಿ ಅನ್ನ ಬಿಸಿಗಿಟ್ಟರೆ ಕಂಬದ ಕರೆಂಟಾದರೂ ಬ್ರೇಕರ್ ಬೀಳುತ್ತದೆ, 4 ಕಿಲೋವಾಟಿನ ಜನರೇಟರಾದರೂ ಏದುಸಿರು ಬಿಡುತ್ತದೆ. ಟ್ರಾನ್ಸ್‌ಫರ್ ಸ್ವಿಚ್ಚು ಎಷ್ಟೇ ಚುರುಕಾಗಿದ್ದರೂ ಇದಕ್ಕೆ ಮದ್ದಲ್ಲ. ಗೀಸರನ್ನು ಗ್ಯಾಸಿಗೆ ಹಾಕಿ, ಹತ್ತು ನಿಮಿಷ ಎಸಿ ನಿಲ್ಲಿಸಿ ಎಂದು ಒಬ್ಬರು ಹೇಳಬೇಕು. ಸಾಮಾನ್ಯವಾಗಿ ಅದು ಅಡುಗೆ ಮಾಡುತ್ತಿರುವವರೇ ಆಗಿರುತ್ತಾರೆ.

ಭಾರತದಲ್ಲಿ ಕ್ಯಾರವಾನ್ ಪ್ರವಾಸ ಈಗಷ್ಟೇ ಕಣ್ಣು ಬಿಡುತ್ತಿದೆ. ಕೇರಳ 2021ರಲ್ಲಿ ಅದಕ್ಕೊಂದು ನೀತಿಯನ್ನೇ ಪ್ರಕಟಿಸಿತು. ಚಿತ್ರೀಕರಣದ ಜಾಗಗಳಲ್ಲಿ ನಿಲ್ಲುವ ವ್ಯಾನಿಟಿ ವ್ಯಾನುಗಳೂ ಕರೆಂಟಿನ ಮಟ್ಟಿಗೆ ಮೋಟಾರ್‌ಹೋಮುಗಳೇ. ಇಲ್ಲಿ 230 ವೋಲ್ಟು, 50 ಹರ್ಟ್ಸ್, ಜನರೇಟರಿನ ವೇಗ 1,500 ಅಥವಾ 3,000 ಸುತ್ತು. ಉಳಿದ ತರ್ಕವೆಲ್ಲ ಅದೇ. ಬಸ್ಸಿಗೋ ಟೆಂಪೋ ಟ್ರಾವೆಲರಿಗೋ ಮನೆ ಕಟ್ಟಿಸುತ್ತಿರುವವರು ಬಾಡಿ ಬಿಲ್ಡರ್ ಹತ್ತಿರ ವಿದೇಶದ ಆಟೊಮ್ಯಾಟಿಕ್ ಪೆಟ್ಟಿಗೆ ಕೇಳುವ ಬದಲು, ನಮ್ಮ ಪೇಟೆಯಲ್ಲೇ ಸಿಗುವ ಎರಡು ಪೋಲಿನ ಚೇಂಜ್ ಓವರ್ ಕೇಳಲಿ. ಫೇಸಿನ ಜತೆ ನ್ಯೂಟ್ರಲ್ಲೂ ಕಡಿಯುತ್ತದೆಯೇ ಎಂದು ಮೀಟರ್ ಇಟ್ಟು ತೋರಿಸುವವರೆಗೆ ಬಿಲ್ ಚುಕ್ತಾ ಮಾಡಬೇಡಿ. ಹಿಡಿ ಬಾಗಿಲ ಬಳಿ, ನಿಂತ ಕೈಗೆ ಸಿಗುವ ಎತ್ತರದಲ್ಲಿರಲಿ. ಅದರ ಮೂರು ಸ್ಥಾನಗಳ ಹೆಸರನ್ನು ಕನ್ನಡದಲ್ಲೇ ಬರೆಸಿ, ಕೆಳಗೆ "ಬದಲಿಸುವ ಮುನ್ನ ಎಸಿ ಆಫ್ ಮಾಡಿ" ಎಂದೂ ಒಂದು ಸಾಲು ಹಾಕಿಸಿ, ಡ್ರೈವರಿಗೂ ಓದಲು ಬರುವ ಅಕ್ಷರದಲ್ಲಿ.